ಬಾಗಿಲ ಕಾಗದದ ಕಣಿವೆ

ಅಣೆಕಟ್ಟಿನ ಕಚೇರಿಯವರು ನಮ್ಮೂರ ಇಸೊಯೆಗೆ ಮೂರು ಲಕ್ಷ ಯೆನ್ ಕೂಲಿ ಇನ್ನೂ ಕೊಟ್ಟಿಲ್ಲ. ಅಣೆಕಟ್ಟಿನ ನೀರಲ್ಲಿ ಮುಳುಗಿದ ನಮ್ಮ ಒಬುಚಿ ಕಣಿವೆಯ ಚಿತ್ರ ಬೇಕೆಂದು ಕೇಳಿಕೊಂಡು ಬಂದವರು ಅವರೇ. ಎರಡು ಚಳಿಗಾಲ ಕೂತು ಮಾಡಿದಳು.

ಇಸೊಯೆ ಬಣ್ಣ ಮುಟ್ಟುವವಳಲ್ಲ, ಕತ್ತರಿಯನ್ನೂ ಮುಟ್ಟಳು. ಕೈಕಾಗದದ ಮೇಲೆ ಒದ್ದೆ ಕುಂಚದಿಂದ ಗೆರೆ ಎಳೆದು, ಅದರಗುಂಟ ಮೆಲ್ಲಗೆ ಹರಿಯುತ್ತಾಳೆ. ಹರಿದ ಅಂಚಿನಲ್ಲಿ ನಾರು ಕೂದಲಿನಂತೆ ಏಳುತ್ತದೆ. ಗುಡ್ಡದ ಮೇಲೆ ಅಂಟಿಸಿದರೆ ಅದೇ ಬೆಳಗಿನ ಮಂಜು.

ಊರು ಬಿಡಬೇಕಾದ ವರ್ಷವೂ ನಮ್ಮ ಜನ ವರ್ಷದ ಕೊನೆಗೆ ಜಾರುಬಾಗಿಲಿನ ಮರದ ಚೌಕಟ್ಟಿಗೆ ಅಂಟಿಸಿದ್ದ ಹಳೇ ಕಾಗದ ಕಿತ್ತು ಹೊಸದು ಹಚ್ಚಿದರು. ಮೂರು ತಿಂಗಳಲ್ಲಿ ನೀರು ನುಗ್ಗುವ ಮನೆಗಳಿಗೆ!

"ಯಾರಿಗ್ರೇ ಈ ಅಲಂಕಾರ, ಮೀನುಗಳಿಗಾ?" ಎಂದು ಬೈದೆ.

"ಹೊಸ ವರ್ಷಕ್ಕೆ ಹರಕು ಬಾಗ್ಲು ಇಟ್ಕೊಳ್ಳೋಕಾಗುತ್ತೇನೋ? ಭಾಷಣ ಸಾಕು, ಅಂಟಿನ ಗಂಜಿ ಕಲಸು," ಎಂದಳು ಇಸೊಯೆ.

ಕಿತ್ತ ಕಾಗದವನ್ನೆಲ್ಲ ಮನೆಮನೆಯಿಂದ ಆಯ್ದು, ಹೆಸರು ಬರೆದು ಕಟ್ಟಿಟ್ಟಳು. ಒಲೆಯ ಹೊಗೆ ಕುಡಿದ ಕಾಗದ. ಒಂದೊಂದು ಮನೆಯದು ಒಂದೊಂದು ಕಂದು. ಚಿತ್ರದಲ್ಲಿ ಪ್ರತಿ ಮನೆಯೂ ಅದರದೇ ಬಾಗಿಲ ಕಾಗದದಿಂದ ಎದ್ದಿದೆ. ಮುಂದೆ ಕೂತರೆ ನೀರಿನಡಿಯಲ್ಲಿ ಯಾರೋ ಅನ್ನಕ್ಕಿಟ್ಟಿದ್ದಾರೆ, ಹೊಗೆ ಮಂಜಾಗಿ ಮೇಲೇಳುತ್ತಿದೆ ಅನ್ನಿಸುತ್ತದೆ. ನಾನು ಎಷ್ಟೋ ಮಧ್ಯಾಹ್ನ ಹಾಗೆಯೇ ತೂಕಡಿಸಿ ಊರಿಗೆ ಹೋಗಿಬಂದಿದ್ದೇನೆ.

ಹೊಳೆ ತಿರುಗುವಲ್ಲಿ ನಮ್ಮ ಗುಡಿಸಲೂ ಇದೆ. ಅಣೆಕಟ್ಟು ಕಟ್ಟಲು ಬಂದ ಯಂತ್ರಗಳನ್ನು ತಡೆಯಲು ಒಂಬತ್ತು ವರ್ಷ ಕೂತ ಜಾಗ. ಅದರ ಕಾಗದದ ಹಳದಿ ನನ್ನ ಸಿಗರೇಟಿನ ಹೊಗೆಯದು.

ಕಚೇರಿಯ ಕುವಯಾಮ ಬಂದ, ಮಂಡಿಯೂರಿ ನೋಡಿದ, ಚಹಾ ಕುಡಿದ. "ತುಂಬಾ ಚೆನ್ನಾಗಿದೆ ಅಜ್ಜಿ. ಆದ್ರೆ ಈ ಗುಡಿಸ್ಲು... ಅಲ್ಲೊಂದು ಮರ ಅಂಟಿಸಿಬಿಟ್ರೆ?"

"ಅಲ್ಲಿ ಮರ ಇರ್ಲಿಲ್ಲ. ನಿಮ್ಮೋರೇ ಕಡಿದಿದ್ರು."

"ಹಾಗಾದ್ರೆ ಕಿತ್ತುಬಿಡಿ."

"ನೀವೇ ಉಗುರು ಹಾಕಿ ನೋಡಿ ಯಜಮಾನ್ರೆ. ನಾರು ನಾರು ಹೆಣ್ಕೊಂಡಿದೆ, ಗುಡ್ಡಾನೂ ಜೊತೇಲೇ ಬರುತ್ತೆ."

ಅವನು ಉಗುರು ಹಾಕಲಿಲ್ಲ. ಹಣವನ್ನೂ ಕಳಿಸಲಿಲ್ಲ.

ಇಸೊಯೆಗೆ ಈಗ ಎಂಬತ್ತೇಳು. ಚಿತ್ರ ಅವಳ ಹಾಸಿಗೆ ಮಡಚಿಡುವ ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. "ಕೂಲಿ ಹಾಳಾಗ್ಲಿ, ಊರಿನೋರು ನಿಂತು ನೋಡೋ ಕಡೆ ಇದನ್ನ ಹಾಕ್ಸು," ಎನ್ನುತ್ತಾಳೆ.

ಎಲೆ ಕೆಂಪಾಗುವ ಕಾಲಕ್ಕೆ ನೀವು ಬಸ್ಸು ಹತ್ತಿ ಅಣೆಕಟ್ಟು ನೋಡಲು ಹೋಗುತ್ತೀರಿ. ಅಲ್ಲಿನ ಕಚೇರಿಯ ಸಭಾಂಗಣದ ಬಡಗಣ ಗೋಡೆಯಲ್ಲಿ ಈ ಚಿತ್ರಕ್ಕೆಂದು ಹೊಡೆದ ಒಂದು ಖಾಲಿ ಮೊಳೆ ಇದೆ. ಅದರ ಕೆಳಗೆ ಕೂತುಬಿಡಿ. ಗುಡಿಸಲು ಸಮೇತ ಕಣಿವೆಯನ್ನು ಅಲ್ಲಿ ತೂಗುಹಾಕುವವರೆಗೆ ಏಳಬೇಡಿ.