ಚುಕ್ಕೆ ಮೀನಿನ ಹಿಂದೆ ಹೋದ ಮಾಸ್ತರರು

ಹೋದ ತಿಂಗಳು ಪರಿಚಿತರ ಹುಡುಗಿಯ ಪ್ರವೇಶಕ್ಕೆಂದು ಧಾರವಾಡದಲ್ಲಿ ನಮ್ಮಣ್ಣ ಓದಿದ ಕಾಲೇಜಿಗೆ ಹೋಗಿದ್ದೆ. ಪ್ರಯೋಗಾಲಯದ ಬಾಗಿಲಿನಿಂದ ಫಾರ್ಮಲಿನ್ ವಾಸನೆ ಬಂತು. ಅಣ್ಣನ ಮಾಸ್ತರರು ನೆನಪಾದರು. ಅವರ ಕೋಟಿಗೆ ಯಾವಾಗಲೂ ಅದೇ ವಾಸನೆ...

ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಅರವತ್ತರ ದಶಕದ ಆರಂಭ. ಒಂದು ಬೇಸಿಗೆ ರಜೆಯಲ್ಲಿ ಹವಳ ಸಂಗ್ರಹಿಸಲು, ಈಗ ಲಕ್ಷದ್ವೀಪ ಎನ್ನುವ ದ್ವೀಪಗಳಿಗೆ ಹೊರಟರು. ಈಜಿನಲ್ಲಿ ಗಟ್ಟಿಗನಾಗಿದ್ದ ಅಣ್ಣನನ್ನೂ ಕರೆದೊಯ್ದರು. ಮಂಗಳೂರಿನಿಂದ ಹಾಯಿದೋಣಿ. ಹೋದವರು ಇಬ್ಬರು, ಬಂದವರು ಒಬ್ಬರು.

ತಂತಿ ಮೊದಲೇ ಬಂದಿತ್ತು. ಆದರೂ ಅವರು ನಮ್ಮ ಮನೆಗೆ ಬಂದು ಅವ್ವನ ಎದುರು ನೆಲದ ಮೇಲೆ ಕುಳಿತರು.

“ಉಸಿರು ಹಿಡಿದು ಇಬ್ರೂ ಮುಳುಗಿದ್ವಿರಿ. ಕೆಳಗ ಒಂದು ಮೀನು ಬಂತು. ಶಾರ್ಕ್ ಜಾತೀದು, ಮೈತುಂಬ ಬಿಳಿ ಚುಕ್ಕಿ. ಮನಷ್ಯಾರಿಗೆ ಏನೂ ಮಾಡಂಗಿಲ್ಲ ಅದು. ನಾ ಅದನ್ನ ನೋಡಕೋತ ಹಿಂದ ಹೋದೆ. ಮ್ಯಾಲೆ ಬಂದು ನೋಡಿದ್ರ ಇವ ಇರಲಿಲ್ಲ. ಮೂರು ದಿನ ಹುಡುಕಿದ್ವಿ, ಸಿಗಲಿಲ್ಲರಿ... ನಾ ಒಮ್ಮೆ ತಿರುಗಿ ನೋಡಬೇಕಿತ್ತು.”

ಅವ್ವ ಅಳಲಿಲ್ಲ. “ಎಷ್ಟು ದೊಡ್ಡದಿತ್ರಿ ಅದು?” ಎಂದು ಕೇಳಿದಳು.

ಮಾಸ್ತರರು ಈ ಗೋಡೆಯಿಂದ ಆ ಗೋಡೆಯವರೆಗೆ ಕಣ್ಣು ಹಾಯಿಸಿದರು. “ಈ ಪಡಸಾಲ್ಯಾಗ ಹಿಡೀತಿರಲಿಲ್ಲರಿ.”

“ಅವನೂ ನೋಡಿದ್ನೇನ್ರಿ?”

“ಅವನೇ ಮೊದಲ ನೋಡಿ ನನಗ ಕೈ ಮಾಡಿ ತೋರಿಸಿದ.”

ಅವ್ವ ಚಹಾ ಮಾಡಲು ಎದ್ದಳು. ನನಗಾಗ ಹನ್ನೊಂದು ವರ್ಷ. ಏನೂ ಅನ್ನಿಸಲಿಲ್ಲ.

ಮರುವರ್ಷ ಅವ್ವನೇ ಅವರನ್ನು ಕರೆಸಿ, “ಇಕಿಗೆ ಈಸು ಕಲಿಸ್ರಿ” ಎಂದಳು. ಯಾಕೆಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ರವಿವಾರ ಬೆಳಿಗ್ಗೆ ಕೆಲಗೇರಿ ಕೆರೆಗೆ ಹೋಗುತ್ತಿದ್ದೆವು. ಅವರು ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತೇ ಹೇಳಿಕೊಡುತ್ತಿದ್ದರು, ಅದಕ್ಕಿಂತ ಮುಂದೆ ಬರುತ್ತಿರಲಿಲ್ಲ. ನಾನು ತಲೆ ಮುಳುಗಿಸಿದೊಡನೆ ಜೋರಾಗಿ ಎಣಿಸುತ್ತಿದ್ದರು. ಹತ್ತು ಅನ್ನುವುದರೊಳಗೆ ಮೇಲೆ ಬರಬೇಕು.

ಒಂದು ರವಿವಾರ ನಾನು ಮೇಲೆ ಬರಲಿಲ್ಲ. ಉಸಿರಿತ್ತು, ಕಾಲಿಗೆ ನೆಲವೂ ಸಿಗುತ್ತಿತ್ತು. ಬೇಕಂತಲೇ ಕಲ್ಲೊಂದನ್ನು ಹಿಡಿದು ತಳದಲ್ಲಿ ಕೂತೆ. ಈ ಸಲವಾದರೂ ಬರುತ್ತಾರೋ ಇಲ್ಲವೋ ನೋಡಬೇಕಿತ್ತು...

ಬಂದರು. ಧೋತರ, ಕೋಟು, ಕನ್ನಡಕ ಸಮೇತ ಬಂದು ಜಡೆ ಹಿಡಿದು ದಂಡೆಗೆ ಎಳೆದರು. ಕನ್ನಡಕ ನೀರುಪಾಲಾಗಿತ್ತು. ನನ್ನ ಮುಖ ಕಾಣದೆ ಕೈಯಿಂದ ತಡವುತ್ತ, “ಉಸಿರಾಡಾಕತ್ತೀ ಏನವಾ? ಮಾತಾಡವಾ, ಮಾತಾಡು” ಎನ್ನುತ್ತಲೇ ಇದ್ದರು. ನಾನು ಹೂಂ ಅನ್ನಲೂ ಇಲ್ಲ.

ಮನೆಗೆ ಬಂದು ಅವ್ವನಿಗೆ ಅವರು ಹೇಳಿದ್ದು ಇಷ್ಟೇ: “ಇಕಿಗೆ ಈಸು ಬಂತ್ರಿ. ಇನ್ನ ನಾ ಬರೂದು ಬ್ಯಾಡ.” ಸ್ವಲ್ಪ ದಿನಕ್ಕೆ ಬೇರೆ ಊರಿನ ಕಾಲೇಜು ಸೇರಿಕೊಂಡರು. ಮತ್ತೆ ಭೇಟಿಯಾಗಲಿಲ್ಲ.

ಹೋದ ತಿಂಗಳು ಆ ಪ್ರಯೋಗಾಲಯದಲ್ಲಿದ್ದ ಹಿರಿಯ ಪ್ರಾಧ್ಯಾಪಕಿಯನ್ನು ಮಾಸ್ತರರ ಬಗ್ಗೆ ವಿಚಾರಿಸಿದೆ. “ಅವರು ತೀರಿಕೊಂಡು ಭಾಳ ವರ್ಷ ಆತ್ರಿ” ಎಂದರು. ಸರಿ ಎಂದು ಹೊರಗೆ ಬಂದೆ. ಬಸ್ಸು ಬಂತು, ಹತ್ತಿದೆ. ಅವತ್ತು ಕೆರೆಯಲ್ಲಿ ನಾನು ಮುಳುಗಿರಲಿಲ್ಲ, ಸುಮ್ಮನೆ ಕೂತಿದ್ದೆ... ಅವರಿಗೆ ಒಂದು ಕಾಗದ ಬರೆದು ಇದಿಷ್ಟನ್ನು ತಿಳಿಸಲು ನನಗೆ ಎಷ್ಟೊಂದು ವರ್ಷಗಳಿದ್ದವು.