ಅವ್ವನ ಕಾಲಿನ ಅಳತೆ

ದೆವ್ವ ಭೂತ ಎಂದವರನ್ನು ಎದುರಿಗೇ ಗೇಲಿ ಮಾಡಿದವನು ನಾನು. ಅಟ್ಟೂರಿನ ಹುಣಸೆಮರದಡಿ ಅಮಾವಾಸ್ಯೆಯ ದಿನ ಬೇಕೆಂದೇ ಮಲಗಿ ಎದ್ದು ಬಂದವನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ವಿಯೆನ್ನಾದಲ್ಲಿ ಓದು ಮುಗಿಸಿ ಆ ಊರು ಸುತ್ತಿ ನೋಡಲು ಹೊರಟ ಕೊನೆಯ ದಿನ, ಹಾಡಹಗಲಲ್ಲಿ ಕಂಡದ್ದನ್ನು ಇಲ್ಲ ಎನ್ನಲೂ ಆಗುತ್ತಿಲ್ಲ.

ಹೊರಡುವಾಗ ಮನೆಯವರಿಗೆ ಕಟ್ಟಪ್ಪಣೆ ಮಾಡಿದ್ದೆ: ಪರೀಕ್ಷೆ ಮುಗಿಯುವ ತನಕ ಕೆಟ್ಟ ಸುದ್ದಿ ಏನೂ ಬರೆಯಕೂಡದು. ಅವ್ವ ಕೇಳಿದ್ದು ಒಂದೇ, ಆ ದೇಶದ ಒಂದು ಜೊತೆ ಮೆತ್ತನೆಯ ಚಪ್ಪಲಿ. ಹೊಲದಲ್ಲಿ ಬರಿಗಾಲಲ್ಲೇ ಸವೆದವಳು. ಹಿಮ್ಮಡಿ ಬಿರಿದು ರಕ್ತ ಒಸರುತ್ತಿತ್ತು. ಕಾಗದದ ಮೇಲೆ ಎಡಗಾಲಿಟ್ಟು, ಅಣ್ಣನ ಕೈಲಿ ಸುತ್ತ ಗೆರೆ ಎಳೆಸಿ ನನ್ನ ಜೇಬಿಗೆ ತುರುಕಿದ್ದಳು. ಗಾಡಿಚಕ್ರಕ್ಕೆ ಸಿಕ್ಕಿ ಆ ಕಾಲಿನ ಕಿರುಬೆರಳು ಹೋಗಿತ್ತು. ಓದು ಬರದ ಅವಳು ಹೇಳಿದ್ದನ್ನು ಅಣ್ಣ ಬರೆಯುತ್ತಿದ್ದ. ಕೊನೆಯ ಪತ್ರದವರೆಗೂ ‘ಚಪ್ಪಲಿ ಮರೀಬೇಡ ಮಗಾ’ ಎಂದೇ ಇರುತ್ತಿತ್ತು.

ಆ ದಿನ ಶನಿವಾರ. ಶನಿವಾರ ಮಧ್ಯಾಹ್ನಕ್ಕೇ ಅಲ್ಲಿ ಅಂಗಡಿ ಮುಚ್ಚುತ್ತಾರೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಮೊದಲು ಅರಮನೆ ನೋಡಿದೆ, ಆಮೇಲೆ ದೊಡ್ಡ ಚರ್ಚಿನ ಗೋಪುರ ಹತ್ತಿದೆ. ಮೇಲಿರುವಾಗಲೇ ಹಿಮ ಬೀಳತೊಡಗಿತು. ‘ಯಶವಂತಪುರದಲ್ಲಿ ಒಂದು ಜೊತೆ ಕೊಂಡು ಫಾರಿನ್ನಿನದು ಅಂದರಾಯಿತು, ಮುದುಕಿಗೇನು ಗೊತ್ತಾಗುತ್ತೆ’ ಎಂದುಕೊಂಡು ಅಲ್ಲೇ ಇನ್ನೊಂದು ಸಿಗರೇಟು ಹಚ್ಚಿದೆ. ಹೌದು, ಹೆತ್ತವಳ ಬಗ್ಗೆ ಹಾಗೇ ಅಂದುಕೊಂಡೆ.

ಇಳಿದು ಬಂದಾಗ ಚಪ್ಪಲಿ ಅಂಗಡಿ ಮುಚ್ಚಿತ್ತು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಹೊಸದಾಗಿ ಬಿದ್ದ ಹಿಮದ ಮೇಲೆ ಬರಿಗಾಲಿನ ಹೆಜ್ಜೆಗಳಿದ್ದವು. ರಸ್ತೆಯ ನಡುವಿನಿಂದ ಶುರುವಾಗಿ, ಅಂಗಡಿಯ ಬಾಗಿಲವರೆಗೆ ಬಂದು ನಿಂತಿದ್ದವು. ತಿರುಗಿ ಹೋದ ಗುರುತಿಲ್ಲ. ಎಡಗಾಲಿಗೆ ಕಿರುಬೆರಳಿಲ್ಲ. ಜೇಬಿನಿಂದ ಅವ್ವನ ಅಳತೆಯ ಕಾಗದ ತೆಗೆದು ಹೆಜ್ಜೆಯ ಮೇಲಿಟ್ಟೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ‘ಥೂ, ನಿನ್ನ ತಲೆ ಕೆಟ್ಟಿದೆ’ ಎಂದು ನನ್ನನ್ನೇ ಬೈದುಕೊಂಡು ರೂಮಿಗೆ ಓಡಿದೆ.

ಬೊಂಬಾಯಿಯಿಂದ ರೈಲಿನಲ್ಲಿ ಬಂದು ಯಶವಂತಪುರದಲ್ಲಿ ಇಳಿದೆ. ಅಲ್ಲಿನ ಚಪ್ಪಲಿ ಅಂಗಡಿಯ ಸಾಹೇಬರು ಕಾಗದ ನೋಡಿ, “ಅಮ್ಮಂಗೆ ಬೆರಳಿಲ್ವಾ ಸಾರ್? ಮೆತ್ತಗಿರೋದೇ ತಗೊಳ್ಳಿ” ಎಂದು ಮನಸ್ಸಿಟ್ಟು ಆರಿಸಿಕೊಟ್ಟರು. ಅಟ್ಟೆಯ ಮೇಲಿದ್ದ ಬೆಂಗಳೂರಿನ ಮುದ್ರೆಯನ್ನು ನಾನು ಉಗುರಿನಿಂದ ಕೆರೆದು ತೆಗೆದೆ.

ಮನೆಯಲ್ಲಿ ಅವ್ವನ ಫೋಟೋಕ್ಕೆ ಹಾರ ಹಾಕಿತ್ತು. ಸಂಕ್ರಾಂತಿಯ ಮಾರನೆಯ ದಿನವೇ ಹೋಗಿಬಿಟ್ಟಿದ್ದಳಂತೆ, ಎರಡು ತಿಂಗಳಾಗಿತ್ತು. ಆಮೇಲೆ ಬಂದ ಪತ್ರಗಳೆಲ್ಲ ಅಣ್ಣನೇ ಕಟ್ಟಿ ಬರೆದದ್ದು. ಸಿಟ್ಟಿನಲ್ಲಿ ಅವನ ಅಂಗಿ ಹಿಡಿದು ಜಗ್ಗಿದೆ.

“ಕೆಟ್ಟ ಸುದ್ದಿ ಏಳ್ಬೇಡಿ ಅಂದೋನು ನೀನೇ ಅಲ್ವೇನೋ?” ಎಂದ.

ನಮ್ಮಲ್ಲಿ ತಿಥಿಯ ದಿನ ಸತ್ತವರ ಹೆಸರಿನಲ್ಲಿ ದಾಸಯ್ಯನಿಗೆ ಚಪ್ಪಲಿ ದಾನ ಕೊಡುತ್ತಾರೆ, ಆ ದಾರಿಯಲ್ಲಿ ಅವರು ಬರಿಗಾಲಲ್ಲಿ ನಡೆಯಬಾರದೆಂದು. ಅಣ್ಣ ಕಣ್ಣೊರೆಸಿಕೊಂಡು ಹೇಳಿದ: “ಅದೊಂದು ಮಾತ್ರ ಕೊಡ್ಲಿಲ್ಲ ಕಣೋ. ಅವ್ವನೇ ಬ್ಯಾಡ ಅಂದಿದ್ಲು. ಚಿಕ್ಕೋನು ತತ್ತಾನೆ, ಅದನ್ನೇ ಆಕ್ಕೊಂಡು ಓಯ್ತೀನಿ ಅಂದ್ಲು. ತಂದಿದ್ದೀಯಾ?”

“ತಂದಿದ್ದೀನಿ” ಎಂದೆ.

ಮಾರನೆಯ ದಿನ ಆ ಚಪ್ಪಲಿ ದಾಸಯ್ಯನ ಕೈಸೇರಿತು. ತಮ್ಮ ಫಾರಿನ್ನಿಂದ ತಂದದ್ದು ಎಂದು ಅಣ್ಣ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಅವನಿಗೆ ಇವತ್ತಿಗೂ ನಿಜ ಹೇಳಿಲ್ಲ.

ಹಿಮದಲ್ಲಿ ಕಂಡದ್ದು ಪರೀಕ್ಷೆಯ ಆಯಾಸ ಎಂದು ಡಾಕ್ಟರ್ ಗೆಳೆಯನೊಬ್ಬ ಹೇಳುತ್ತಾನೆ. ಇರಬಹುದು, ನನಗಂತೂ ಗೊತ್ತಿಲ್ಲ. ಚಪ್ಪಲಿ ಫಾರಿನ್ನಿನದೆಂದು ಅಣ್ಣ ನಂಬಿದ, ಊರು ನಂಬಿತು. ಆದರೆ ಅಲ್ಲಿಗೆ ಬಂದವಳು ಅವ್ವನೇ ಆಗಿದ್ದರೆ, ಮುಚ್ಚಿದ ಬಾಗಿಲನ್ನು ಅವಳು ನನಗಿಂತ ಮೊದಲೇ ನೋಡಿದ್ದಳು.