ಸಿಂಗಪುರಕ್ಕೆ ಮೊದಲು ಅಕ್ಕಿಹೆಬ್ಬಾಳು

ಅಟ್ಟದ ಮೇಲಿದ್ದ ನೀಲಿ ಸೂಟ್‌ಕೇಸನ್ನು ಇಳಿಸಿ ಮುಚ್ಚಳ ಎತ್ತಿದರೆ ಹುರಿಹಿಟ್ಟಿನ ವಾಸನೆ. ಅರಳು ಹುರಿದ ರಾಗಿಯನ್ನು ಬೀಸಿ, ಏಲಕ್ಕಿ ಹಾಕಿಟ್ಟ ಹಿಟ್ಟು. ಅದರ ವಾಸನೆ ಇಷ್ಟು ವರ್ಷ ಒಂದು ಪೆಟ್ಟಿಗೆಯಲ್ಲಿ ಉಳಿದೀತೇ? ಉಳಿಯಲಾರದು. ನನ್ನ ಮೂಗೇ ಹಳೆಯದನ್ನು ಹುಡುಕಿಕೊಂಡು ಹೋಗಿರಬೇಕು... ಆದರೆ ತಳದಲ್ಲಿ ಆ ಸೀರೆ ಮಾತ್ರ ನಿಜವಾಗಿಯೂ ಇತ್ತು. ಒಗೆದೊಗೆದು ತೆಳ್ಳಗಾದ, ಹಸಿರಂಚಿನ ನೂಲಿನ ಸೀರೆ. ಅದು ನನ್ನದಲ್ಲ, ದೊಡ್ಡವ್ವನದು.

ಸೂಟ್‌ಕೇಸು ಇಳಿಸಿದ್ದು ಮಗಳಿಗಾಗಿ. ಮೈಸೂರಿನಿಂದ ಗಂಡ, ಇಬ್ಬರು ಪುಟ್ಟ ಮಕ್ಕಳೊಡನೆ ಬಂದಿದ್ದಳು. ಬೇಸಿಗೆಗೆ ಯಾವ ದೇಶಕ್ಕೆ ಹೋಗುವುದೆಂದು ಗಂಡ ಹೆಂಡತಿ ಫೋನು ಹಿಡಿದು ಚರ್ಚೆ ಮಾಡುತ್ತಿದ್ದರು. ಅಲ್ಲಿ ಚಳಿ, ಇಲ್ಲಿ ದೂರ, ಇನ್ನೊಂದು ಕಡೆ ಮಕ್ಕಳಿಗೆ ಊಟ ಸಿಗುವುದಿಲ್ಲ. ಕೇಳಿ ಕೇಳಿ ಸಾಕಾಗಿ, ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ನೀವಿಬ್ಬರೇ ಹಾಯಾಗಿ ಹೋಗಿ ಬನ್ನಿ ಎಂದುಬಿಟ್ಟಿದ್ದೆ. ಇಬ್ಬರ ಮುಖವೂ ಅರಳಿತ್ತು.

ದೊಡ್ಡವ್ವ ಕೆ.ಆರ್. ಪೇಟೆಯಲ್ಲಿ ನಮ್ಮ ಹಿತ್ತಲ ಗೋಡೆಯಾಚೆಯ ಮನೆಯವಳು. ನನಗೆ ರಕ್ತಸಂಬಂಧವೇನೂ ಅಲ್ಲ. ಬೀದಿಯೆಲ್ಲ ಹಾಗೆ ಕರೆಯುತ್ತಿತ್ತು, ಸೊಸೆಯಾಗಿ ಬಂದ ನಾನೂ ಕರೆದೆ. ನಮ್ಮ ಯಜಮಾನರು ಆಕೆಯ ಕಣ್ಣೆದುರಿಗೇ ಬೆಳೆದವರು. ಹಾಗಾಗಿ ಅಂಗಡಿ ಇಟ್ಟು ನಾಲ್ಕು ಜನರಲ್ಲಿ ದೊಡ್ಡವರಾದ ಮೇಲೂ ಅವರಿಗೆ ಆಕೆಯ ಬಾಯಲ್ಲಿ "ಏನ್ಲಾ" ತಪ್ಪಿರಲಿಲ್ಲ.

ಅಂಗಡಿ ಪಂಪ್‌ಸೆಟ್ಟಿನದು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ವ್ಯಾಪಾರ ಚೆನ್ನಾಗಿ ಆಯಿತೆಂದು ಕಂಪನಿಯವರು ಫಾರಿನ್ ಟೂರು ಕೊಟ್ಟರು. ಸ್ವಿಟ್ಜರ್ಲೆಂಡಾದರೂ ಸರಿ, ಸಿಂಗಪುರವಾದರೂ ಸರಿ, ಮಕ್ಕಳು ಬಂದರೂ ಸರಿ. ನಮ್ಮವರಿಗೆ ಹಿಮದ ಹುಚ್ಚು. ಅಂಗಡಿಯ ಕ್ಯಾಲೆಂಡರಿನಲ್ಲಿ ಹಿಮದ ಬೆಟ್ಟ ನೋಡಿ ನೋಡಿ ಬಂದದ್ದು. ಪಾಸ್‌ಪೋರ್ಟು ಬರುವ ಮೊದಲೇ ನಾಲ್ಕು ಉಣ್ಣೆಯ ಟೋಪಿ ತಂದಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ನಮ್ಮ ಮನೆಯಲ್ಲಿ ಅಕ್ಷರಶಃ ನಡೆಯಿತು.

ಆಗ ಮಗನಿಗೆ ಐದು, ಮಗಳಿಗೆ ಎರಡು ತುಂಬಿತ್ತು. ಅಷ್ಟು ದೂರ, ಅಷ್ಟು ಚಳಿಗೆ ಎಳೆಯ ಮಕ್ಕಳನ್ನು ಹೊತ್ತು ಹೋಗುವುದು ಹುಚ್ಚುತನ, ಬೂಕನಕೆರೆಯಲ್ಲಿ ನಿನ್ನ ತವರಿದೆಯಲ್ಲ, ಅಲ್ಲಿ ಬಿಟ್ಟು ಹೋಗು ಎಂದರು ನಮ್ಮತ್ತೆ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ತಾಯಿಯೂ ಒಪ್ಪಿದಳು. ನನಗೂ, ಸುಳ್ಳೇಕೆ, ವಿಮಾನದಲ್ಲಿ ಕಿಟಕಿ ಪಕ್ಕ ನೆಮ್ಮದಿಯಾಗಿ ಕೂರುವ ಆಸೆ ಇತ್ತು. ಆದರೂ ರಾತ್ರಿ ಮಗಳನ್ನು ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ತೂಗುತ್ತ, ಅವಳು ನಿದ್ದೆಹೋದ ಮೇಲೂ ಕೈ ಬಿಡದೆ ನಿಂತಿರುತ್ತಿದ್ದೆ.

ಒಂದು ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತ ಇದನ್ನೆಲ್ಲ ಹೇಳಿಕೊಂಡೆ. ಗೋಡೆಯಾಚೆ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡವ್ವ ಕೈ ನಿಲ್ಲಿಸಿದಳು. ಎಂದೂ ತನ್ನ ಕಥೆ ಹೇಳಿಕೊಂಡವಳಲ್ಲ.

"ನಾನೂ ಕಾಸಿಗೋಗಿದ್ದೆ ಕಣವ್ವ, ಅತ್ತೆ ಮಾವನ್ ಜೊತೆ. ಮಗ ಆಗ ನಿನ್ ಮಗಳಷ್ಟಿದ್ದ. ನಮ್ ಚಿಕ್ಕೋಳ ಕೈಗೆ ಕೊಟ್ಬುಟ್ಟು ಓದೆ. ಬಂದು ಕೈ ಚಾಚುದ್ರೆ ಅವಳ ಸೆರಗಿನಿಂದೆ ಬಚ್ಚಿಟ್ಕಂಡ. ಅವತ್ತಿಂದ ಅವ್ಳೇ ಅವ್ವ, ನಾನು ದೊಡ್ಡವ್ವ."

ಚಿಕ್ಕೋಳು ಎಂದರೆ ಆಕೆಯ ಓರಗಿತ್ತಿ, ಮೈದುನನ ಹೆಂಡತಿ. ಇಡೀ ಬೀದಿ ಕರೆಯುತ್ತಿದ್ದ ಹೆಸರು ಬಂದದ್ದು ಹೆತ್ತ ಮಗನ ಬಾಯಿಂದ ಎಂದು ನನಗೆ ತಿಳಿದದ್ದು ಆವತ್ತೇ. ಆ ಮಗ ಒಳ್ಳೆಯವನು, ತಾಯಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ. ಆದರೆ ಅವ್ವ ಅನ್ನುತ್ತಿರಲಿಲ್ಲ.

"ಓಗ್ಬ್ಯಾಡ ಅನ್ನಕಿಲ್ಲ. ಯಾವ್ ದೇಸ್ಕಾದ್ರೂ ಓಗು. ಮಕ್ಳ ಕರ್ಕಂಡೋಗು" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಸಂಜೆ ಅಂಗಡಿಯಿಂದ ಬಂದ ನಮ್ಮವರನ್ನೂ ಆಕೆಯೇ ಹಿಡಿದಳು. ಹೊಸ ಹೋರಿಯನ್ನು ಮೊದಲ ದಿನವೇ ಯಾರಾದರೂ ದೂರದ ಗಾಡಿಗೆ ಕಟ್ಟುತ್ತಾರೆಯೇ? ಹತ್ತಿರ ಒಂದು ಸುತ್ತು ಹೊಡೆಸಿ ನೋಡುವುದಿಲ್ಲವೇ? ದೇಶ ಆಮೇಲೆ ಆರಿಸಿದರಾಯಿತು, ಮೊದಲು ಪೆಟ್ಟಿಗೆ ಸಮೇತ ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಿ ಬರೋಣ ಎಂಬುದು ಆಕೆಯ ವಾದ. ನಮ್ಮವರು ನಕ್ಕರು. ಆಕೆ ನಗಲಿಲ್ಲ.

ಆ ಭಾನುವಾರ ದೊಡ್ಡವ್ವನೂ ಸೇರಿ ಹೊರಟೆವು. ನೀಲಿ ಸೂಟ್‌ಕೇಸು, ನೀರಿನ ಕ್ಯಾನು, ದೊಡ್ಡವ್ವನ ಹುರಿಹಿಟ್ಟಿನ ಡಬ್ಬಿ. ಬಸ್ಸಿನಲ್ಲಿಯೇ ಮಗ ವಾಂತಿ ಮಾಡಿಕೊಂಡ. ಸ್ಟೇಷನ್ನಿನಲ್ಲಿ ಪರಿಚಯದ ರೈತರೊಬ್ಬರು ನಮ್ಮ ಸರಂಜಾಮು ನೋಡಿ, ಅಂಗಡಿ ಮುಚ್ಚಿ ಊರು ಬಿಡುತ್ತಿದ್ದೇವೆಂದೇ ತಿಳಿದು, ಪಾಪ, ಯಜಮಾನರ ಭುಜ ತಟ್ಟಿ ಧೈರ್ಯ ಹೇಳಿದರು. ಅಭ್ಯಾಸಕ್ಕೆ ಹೋಗುತ್ತಿದ್ದೇವೆ ಎಂದು ಹೇಳುವುದು ಹೇಗೆ?

ರೈಲು ಹತ್ತಿದ ಮೇಲೆ ದೊಡ್ಡವ್ವ ನನ್ನನ್ನು ಕಿಟಕಿ ಪಕ್ಕ ಕೂರಿಸಿ, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ಮಕ್ಕಳು ಅಪ್ಪನ ಪಾಲಾದರು. ಮಗನಿಗೆ ಬಾಗಿಲ ಹತ್ತಿರವೇ ನಿಲ್ಲಬೇಕು. ಮಗಳಿಗೆ ನಿದ್ದೆ ಬಂದಿದೆ, ಆದರೆ ಜೋಲಿ ಇಲ್ಲದೆ ಮಲಗಳು. ಅವಳನ್ನು ಹೆಗಲಿಗೆ ಹಾಕಿಕೊಂಡು, ಇವನ ಅಂಗಿ ಹಿಡಿದುಕೊಂಡು ಬೋಗಿಯ ಆ ತುದಿಯಿಂದ ಈ ತುದಿಗೆ ತಿರುಗಿ ತಿರುಗಿ, ಮೈಸೂರು ಬರುವ ಹೊತ್ತಿಗೆ ಪಂಪ್‌ಸೆಟ್ಟಿನ ಯಜಮಾನರು ಬೆವರಿ ತೊಪ್ಪೆಯಾಗಿದ್ದರು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕುಸಿದು ಕೂತು ಮೆಲ್ಲಗೆ ಹೇಳಿದರು: "ದೊಡ್ಡವ್ವ, ಅತ್ರುದ್ ದೇಸಾನೇ ಸಾಕು ಬುಡು."

ಹಾಗೆ ಸಿಂಗಪುರ ಗೊತ್ತಾಯಿತು. ಹತ್ತಿರ, ಚಳಿಯಿಲ್ಲ, ಅನ್ನ ಸಿಗುತ್ತದೆ. ಮಕ್ಕಳು ನಮ್ಮ ಜೊತೆ. ಉಣ್ಣೆಯ ಟೋಪಿಗಳು ಆ ಧನುರ್ಮಾಸಕ್ಕೆ ನಮ್ಮೂರಿನಲ್ಲೇ ಉಪಯೋಗಕ್ಕೆ ಬಂದವು.

ಹೊರಡುವ ದಿನ ದೊಡ್ಡವ್ವ ಹೊಸದಾಗಿ ಬೀಸಿದ ಹುರಿಹಿಟ್ಟನ್ನೂ ತಾನು ಉಟ್ಟು ಹಳೆಯದು ಮಾಡಿದ ಈ ಸೀರೆಯನ್ನೂ ತಂದುಕೊಟ್ಟಳು, ಜೋಲಿಗೆಂದು. ಹೋಟೆಲಿನಲ್ಲಿ ತೊಲೆ ಎಲ್ಲಿಂದ ಬರಬೇಕು? ನಮ್ಮವರು ಪರದೆಯ ಸರಳಿಗೆ ಕಟ್ಟಿ ಒಮ್ಮೆ ಎಳೆದು ನೋಡಿದರು. ಸರಳು, ಪರದೆ, ಜೋಲಿ ಎಲ್ಲವೂ ಅವರ ತಲೆಯ ಮೇಲೆ. ಮಗುವನ್ನು ಇನ್ನೂ ಮಲಗಿಸಿರಲಿಲ್ಲ, ಪುಣ್ಯ. ಕೊನೆಗೆ ಸೀರೆಯನ್ನು ನೆಲಕ್ಕೆ ಹಾಸಿ ನಾಲ್ವರೂ ಅದರ ಮೇಲೆ ಉರುಳಿಕೊಂಡೆವು. ಮಗಳು ಹಸಿರಂಚನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಹೋದಳು. ಬಣ್ಣಬಣ್ಣದ ಹಕ್ಕಿಗಳನ್ನೂ ಸಮುದ್ರವನ್ನೂ ನೋಡಿದೆವು, ನಿಜ. ನನಗೆ ಈಗಲೂ ಮೊದಲು ಕಣ್ಣಿಗೆ ಬರುವುದು ಆ ನೆಲದ ಮೇಲಿನ ರಾತ್ರಿ.

ವಾಪಸು ಬಂದಾಗ ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. ದೇಶ ಹೇಗಿತ್ತೆಂದು ಕೇಳಲಿಲ್ಲ. ನನ್ನ ಕಂಕುಳಲ್ಲಿದ್ದ ಮಗಳ ಎದುರು ಬಂದು, "ನಾನ್ಯಾರವ್ವ?" ಎಂದಳು. ಮಗು ಒಂದು ಗಳಿಗೆ ನೋಡಿ, "ಅಜ್ಜಿ" ಎನ್ನುತ್ತ ಅವಳ ಕಡೆಗೆ ಬಾಗಿತು. ದೊಡ್ಡವ್ವ ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ...

ಮಗಳು ಸ್ಕೂಲಿಗೆ ಸೇರುವ ಮೊದಲೇ ಆಕೆ ಹೋಗಿಬಿಟ್ಟಳು. ಆ ಮನೆ ಇದ್ದ ಜಾಗದಲ್ಲಿ ಈಗ ಮೊಬೈಲು ಅಂಗಡಿ ಇದೆ.

"ಯಾರದಮ್ಮ ಈ ಸೀರೆ?" ಎಂದಳು ಮಗಳು. ಹೇಳಿದೆ. ಹಸಿರಂಚನ್ನು ಸವರಿ ನೋಡಿ, ಮುಖ ನೆನಪಾಗುತ್ತಿಲ್ಲ ಎಂದಳು. ಅವಳ ತಪ್ಪಲ್ಲ, ಅಷ್ಟು ಚಿಕ್ಕವಳಿದ್ದಳು. ದೊಡ್ಡವ್ವ ಎತ್ತಿ ಆಡಿಸಿದ ಎರಡು ಮಕ್ಕಳು ಅವಳನ್ನು ಮರೆತವು, ಒಂದು ಅವಳೇ ಹೆತ್ತದ್ದು, ಇನ್ನೊಂದು ನಾನು ಹೆತ್ತದ್ದು. ನನ್ನ ಮಕ್ಕಳು ಮಾತ್ರ ನನ್ನನ್ನು ಒಂದು ದಿನವೂ ಮರೆಯದಂತೆ ನೋಡಿಕೊಂಡಳು. ಅವಳ ಋಣ ಯಾವ ಜನ್ಮಕ್ಕೆ ತೀರೀತು...

ಮಕ್ಕಳನ್ನು ಬಿಟ್ಟು ಹೋಗಿ ಎಂದ ಮಾತನ್ನು ಆಗಲೇ ಹಿಂದಕ್ಕೆ ತೆಗೆದುಕೊಂಡೆ. ಹತ್ತಿರದ್ದೊಂದು ದೇಶ ನೋಡಿಕೊಳ್ಳಿ, ಅದಕ್ಕೂ ಮೊದಲು ಒಂದು ಭಾನುವಾರ ರೈಲಿನಲ್ಲಿ ಅಕ್ಕಿಹೆಬ್ಬಾಳಿಗೆ ಬನ್ನಿ, ಪೆಟ್ಟಿಗೆ ಸಮೇತ ಎಂದೆ. ಅಳಿಯಂದಿರು ನಕ್ಕರು. ನಗಲಿ. ಸೀರೆಯನ್ನು ಮತ್ತೆ ಮಡಿಸಿ ಸೂಟ್‌ಕೇಸಿನಲ್ಲಿಟ್ಟು ಮಗಳಿಗೆ ಹೇಳಿದೆ: "ಜೋಲಿ ಕಟ್ಟಕ್ಕೆ ಹೋಗ್ಬೇಡ. ನೆಲಕ್ಕೆ ಹಾಸು, ಎಲ್ರೂ ಹಿಡಿಸ್ತೀರ."